ಚಳಿಗಾಲದಲ್ಲಿ ಟರ್ಕಿಯ ಕಡಲತೀರ: ಯಾವ ತಿಂಗಳು, ಯಾವ ಊರು, ಎಂಥ ಆಲ್ ಇನ್‌ಕ್ಲೂಸಿವ್ ಹೋಟೆಲ್?

ಜುಲೈನಲ್ಲಿ ಕಾಲಿಡಲು ಜಾಗವಿರದ ಅಂಟಾಲ್ಯ ಕರಾವಳಿಯ ಪಂಚತಾರಾ ಹೋಟೆಲುಗಳು ನವೆಂಬರ್‌ನಿಂದ ಮಾರ್ಚ್‌ವರೆಗೆ ಎಷ್ಟೋ ಕಡೆ ಅರ್ಧ ಬೆಲೆಗೆ ಇಳಿಯುತ್ತವೆ. ಜರ್ಮನಿ, ನೆದರ್ಲೆಂಡ್ಸ್, ಬ್ರಿಟನ್‌ಗಳಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಗೆ ಕ್ರಿಸ್‌ಮಸ್ ರಜೆಯಲ್ಲೋ ಫೆಬ್ರವರಿಯ ಶಾಲಾ ರಜೆಯಲ್ಲೋ ಈ ಜಾಹೀರಾತು ಕಣ್ಣಿಗೆ ಬೀಳದೆ ಇರುವುದಿಲ್ಲ: ವಿಮಾನ, ಹೋಟೆಲ್, ಮೂರು ಹೊತ್ತಿನ ಊಟ, ಪಾನೀಯ ಎಲ್ಲ ಸೇರಿ ಒಂದೇ ಮೊತ್ತ. ಬೆಲೆಯೇನೋ ಡಿಸೆಂಬರ್‌ನದು, ಆದರೆ ಜಾಹೀರಾತಿನ ಫೋಟೊ ಜುಲೈನದು. ನೀರಿನ ಜಾರುಬಂಡೆ, ಕಡಲೊಳಗೆ ಚಾಚಿದ ಮರದ ಕಟ್ಟೆ, ಐದಾರು ರೆಸ್ಟೊರೆಂಟುಗಳು ಇವುಗಳಲ್ಲಿ ಚಳಿಗಾಲದಲ್ಲಿ ಎಷ್ಟು ತೆರೆದಿರುತ್ತವೆ ಎಂಬುದರ ಮೇಲೆ ನಿಮ್ಮ ರಜೆ ನಿಂತಿದೆ. ಹಾಗಾಗಿ ಇಲ್ಲಿ ಕಡಲತೀರಕ್ಕೆ ಕೊನೆಯ ಮಾರ್ಕು. ಚಾವಣಿಯ ಕೆಳಗೆ ಏನಿದೆ ಎಂಬುದಕ್ಕೆ ಮೊದಲ ಮಾರ್ಕು.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ಬೋದ್ರುಮ್, ಮಾರ್ಮರಿಸ್, ಫೆತಿಯೆ ಕಡೆಯ ರೆಸಾರ್ಟುಗಳಲ್ಲಿ ಬಹುಪಾಲು ನವೆಂಬರ್‌ನಲ್ಲಿ ಬಾಗಿಲು ಹಾಕಿದರೆ ತೆರೆಯುವುದು ಏಪ್ರಿಲ್‌ನಲ್ಲಿ. ಊಟ, ಪಾನೀಯ ಎಲ್ಲ ಬೆಲೆಯಲ್ಲೇ ಸೇರಿದ ಚಳಿಗಾಲದ ಆಲ್ ಇನ್‌ಕ್ಲೂಸಿವ್ ಅಂದರೆ ಅಂಟಾಲ್ಯ ಪ್ರಾಂತವೇ. ಪಶ್ಚಿಮದ ಕೆಮೆರ್‌ನಿಂದ ಪೂರ್ವದ ಅಲಾನ್ಯದವರೆಗಿನ ಪಟ್ಟಿ ಅದು.

ತಿಂಗಳು ಮೊದಲು, ಊರು ಆಮೇಲೆ

ಅಂಟಾಲ್ಯಕ್ಕೆ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ ಬೆಂಗಳೂರಿನಷ್ಟೇ. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಡಿಸೆಂಬರ್, ಜನವರಿ, ಫೆಬ್ರವರಿ ಈ ಮೂರೇ ತಿಂಗಳಲ್ಲಿ ಸುರಿದುಹೋಗುತ್ತದೆ. ಮಲೆನಾಡಿನ ಜಿಟಿಜಿಟಿಯಲ್ಲ ಇದು. ಗುಡುಗು ಸಿಡಿಲಿನೊಂದಿಗೆ ಒಂದೆರಡು ದಿನ ಧೋ ಎಂದು ಹೊಯ್ದು, ಆಮೇಲೆ ಮೂರು ನಾಲ್ಕು ದಿನ ಆಕಾಶ ತೊಳೆದಿಟ್ಟಂತೆ ಇರುತ್ತದೆ. ಜನವರಿಯಲ್ಲಿ ತಿಂಗಳಿಗೆ ಹತ್ತು ಹನ್ನೆರಡು ಮಳೆ ದಿನ ಎಂದಿಟ್ಟುಕೊಳ್ಳಿ. ಮೂರು ರಾತ್ರಿಗೆ ಹೋದವರಿಗೆ ಪೂರ್ತಿ ಮಳೆಯೂ ಸಿಗಬಹುದು, ಪೂರ್ತಿ ಬಿಸಿಲೂ ಸಿಗಬಹುದು. ಏಳು ರಾತ್ರಿಗೆ ಹೋದರೆ ಎರಡೂ ಸಿಗುತ್ತವೆ. ಚಳಿಗಾಲದಲ್ಲಿ ಹೆಚ್ಚು ರಾತ್ರಿಗಳಿಗೆ ಬುಕ್ ಮಾಡುವುದೇ ಜಾಣತನ ಎನ್ನುವುದು ಇದೇ ಕಾರಣಕ್ಕೆ. ರಾತ್ರಿಯೊಂದಕ್ಕೆ ತಗಲುವ ಹೆಚ್ಚುವರಿ ಹಣ ವಿಮಾನದ ಖರ್ಚಿನ ಮುಂದೆ ಅಷ್ಟಕ್ಕಷ್ಟೇ.

ನವೆಂಬರ್ ಮೊದಲ ಎರಡು ವಾರ ಈ ಐದು ತಿಂಗಳಲ್ಲಿ ಚಿನ್ನದಂಥ ಕಾಲ. ಹಗಲಿನ ಶಾಖ 20 ಡಿಗ್ರಿಯ ಮೇಲೆ, ಸಮುದ್ರದ ನೀರು 22 ಡಿಗ್ರಿಯ ಆಸುಪಾಸು. ಈಜಲು ಬೇಸಿಗೆ ಕಾಯಬೇಕಿಲ್ಲ. ಡಿಸೆಂಬರ್ ಅರ್ಧ ದಾಟಿದ ಮೇಲೆ ಹಗಲು 15–16 ಡಿಗ್ರಿ, ರಾತ್ರಿ 6–7. ಜನವರಿ, ಫೆಬ್ರವರಿಯಲ್ಲಿ ಸಮುದ್ರ 17 ಡಿಗ್ರಿಯ ಹತ್ತಿರ. ಉತ್ತರ ಯುರೋಪಿನವರು ಕೂಗುತ್ತ ಜಿಗಿದು ಎರಡು ನಿಮಿಷಕ್ಕೆ ಹೊರಗೆ ಬರುವ ನೀರು ಅದು. ಮಾರ್ಚ್‌ನಲ್ಲಿ ಬಿಸಿಲು ಏರುತ್ತದೆ, ಸಮುದ್ರ ಮಾತ್ರ ತಣ್ಣಗೇ ಉಳಿಯುತ್ತದೆ.

ಹಗಲಿನ ಲೆಕ್ಕವನ್ನೂ ಹಾಕಿಕೊಳ್ಳಿ. ಟರ್ಕಿ 2016ರಿಂದ ವರ್ಷವಿಡೀ ಬೇಸಿಗೆಯ ಗಡಿಯಾರವನ್ನೇ ಇಟ್ಟುಕೊಂಡಿದೆ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ 8ರ ಸುಮಾರಿಗೆ, ಮುಳುಗುವುದು ಸಂಜೆ ಆರರೊಳಗೆ. ಬಾಲ್ಕನಿಯಲ್ಲಿ ಸ್ವೆಟರ್ ಇಲ್ಲದೆ ಬರೀ ಅಂಗಿಯಲ್ಲಿ ಕೂರಬಹುದಾದ ಹೊತ್ತು ಹನ್ನೊಂದರಿಂದ ಮೂರೂವರೆ.

ಇನ್ನು ಬೆಲೆ ದಿಢೀರನೆ ಏರುವ ವಾರಗಳು. ಡಿಸೆಂಬರ್ 29ರಿಂದ ಜನವರಿ 2ರವರೆಗೆ ಹೊಸ ವರ್ಷದ ಗಾಲಾ ಊಟದ ಹೆಸರಿನಲ್ಲಿ ಕಡ್ಡಾಯ ಹೆಚ್ಚುವರಿ ಹಾಕುವ ಹೋಟೆಲುಗಳಿವೆ. ರಷ್ಯಾದವರ ರಜೆ ಜನವರಿ 8ರವರೆಗೆ ಎಳೆಯುತ್ತದೆ. ಸಾಮಾನ್ಯವಾಗಿ ಜನವರಿಯ ಕೊನೆಯ ಎರಡು ವಾರ ಟರ್ಕಿಯ ಶಾಲೆಗಳಿಗೆ ನಡುವರ್ಷದ ರಜೆ. ಆಗ ಒಳಾಂಗಣ ಈಜುಕೊಳದಲ್ಲಿ ಮಕ್ಕಳ ಜಾತ್ರೆ. ಮಾರ್ಚ್ 21ರ ನೌರೋಜ್ ಹಬ್ಬಕ್ಕೆ ಇರಾನಿನ ಕುಟುಂಬಗಳು ಬರುತ್ತವೆ. ಇವುಗಳ ನಡುವೆ ಸಿಗುವ ನಿಜವಾದ ಅಗ್ಗದ ಕಿಂಡಿಗಳು ಎರಡು: ಡಿಸೆಂಬರ್ 1ರಿಂದ 20, ಮತ್ತು ಜನವರಿ 9ರಿಂದ ಟರ್ಕಿಯ ಶಾಲಾ ರಜೆ ಶುರುವಾಗುವವರೆಗೆ. ರಂಜಾನ್ ಈಗ ಫೆಬ್ರವರಿ–ಮಾರ್ಚ್ ಆಸುಪಾಸಿಗೆ ಬರುತ್ತಿದೆ. ವಿದೇಶೀಯರ ರೆಸಾರ್ಟುಗಳಲ್ಲಿ ಹಗಲಿನ ಊಟಕ್ಕೆ ಅಡ್ಡಿಯೇನಿಲ್ಲ, ಆದರೆ ಅದರ ಹಿಂದೆಯೇ ಬರುವ ಹಬ್ಬದ ಮೂರು ದಿನ ಹೋಟೆಲುಗಳು ತುಂಬುತ್ತವೆ.

ಐದು ಊರು, ಐದು ಸ್ವಭಾವ

ಲಾರಾ–ಕುಂಡು. ವಿಮಾನ ನಿಲ್ದಾಣದಿಂದ ಸುಮಾರು 15 ಕಿ.ಮೀ., ಅರ್ಧ ಗಂಟೆಯೊಳಗೆ ರೂಮಿನಲ್ಲಿರಬಹುದು. ಟೈಟಾನಿಕ್ ಹಡಗು, ಕ್ರೆಮ್ಲಿನ್ ಅರಮನೆಯ ಆಕಾರದಲ್ಲಿ ಕಟ್ಟಿದ ದೈತ್ಯ ಹೋಟೆಲುಗಳ ಸಾಲು ಇದೇ. ಇವು ಸಮ್ಮೇಳನ, ಕಂಪನಿಗಳ ಡೀಲರ್ ಸಭೆಗಳನ್ನು ನಂಬಿಕೊಂಡು ವರ್ಷವಿಡೀ ತೆರೆದಿರುತ್ತವೆ. ಆದ್ದರಿಂದ ಜನವರಿಯಲ್ಲೂ ಅಡುಗೆಮನೆ ಪೂರ್ತಿ ನಡೆಯುತ್ತದೆ. ಅದರ ಬೆಲೆ ಏನೆಂದರೆ ವಾರಾಂತ್ಯದಲ್ಲಿ ಐನೂರು ಜನರ ಕಂಪನಿ ಪಾರ್ಟಿಯ ಸಂಗೀತ ನಿಮ್ಮ ಮಹಡಿಗೂ ಕೇಳೀತು. ಮಳೆ ಬಿಟ್ಟ ದಿನ ಹಳೆಯ ಊರು ಕಾಲೆಯಿಚಿ, ಹೇಡ್ರಿಯನ್ನನ ಬಾಗಿಲು, ಸಮುದ್ರಕ್ಕೇ ಧುಮುಕುವ ಕೆಳಗಿನ ದ್ಯೂದೆನ್ ಜಲಪಾತ ಇವೆಲ್ಲ ಸಿಟಿ ಬಸ್ಸಿಗೇ ಸಿಗುತ್ತವೆ. ಬಸ್ಸಿಗೆ ಅಂಟಾಲ್ಯಕಾರ್ಟ್ ಎಂಬ ಕಾರ್ಡು ಬಳಸಬಹುದು. ಮೊದಲ ಸಲ ಚಳಿಗಾಲದಲ್ಲಿ ಹೋಗುವವರಿಗೆ, ಚಿಕ್ಕ ಮಕ್ಕಳಿರುವವರಿಗೆ, ನಾಲ್ಕೇ ರಾತ್ರಿ ಇರುವವರಿಗೆ ಬೇರೆ ಯೋಚನೆಯೇ ಬೇಡ.

ಬೆಲೆಕ್ ನಿಲ್ದಾಣದಿಂದ ಸುಮಾರು 35 ಕಿ.ಮೀ. ಪೈನ್ ಮರಗಳ ನಡುವೆ ಗಾಲ್ಫ್ ಮೈದಾನಗಳು, ಅವುಗಳಿಗೆ ಅಂಟಿಕೊಂಡು ದುಬಾರಿ ರೆಸಾರ್ಟುಗಳು. ಗಾಲ್ಫ್ ಆಡುವವರಿಗೆ ಬೇಸಿಗೆಯ ಬಿಸಿಲು ಬೇಡ. ಅವರ ಸೀಸನ್ ಶರತ್ಕಾಲ ಮತ್ತು ಫೆಬ್ರವರಿಯ ನಂತರ. ಹಾಗಾಗಿ ನವೆಂಬರ್, ಮಾರ್ಚ್‌ನಲ್ಲಿ ಇಲ್ಲಿ "ಆಫ್ ಸೀಸನ್" ಎಂಬ ಮಾತಿಗೆ ಅರ್ಥವಿಲ್ಲ. ಜನವರಿಯಲ್ಲಿ ಯುರೋಪಿನ ಫುಟ್‌ಬಾಲ್ ತಂಡಗಳು ತರಬೇತಿ ಶಿಬಿರಕ್ಕೆ ಬರುತ್ತವೆ. ಜಿಮ್ ಮತ್ತು ಒಳಾಂಗಣ ಕೊಳದ ಒಂದು ಭಾಗ ಅವರಿಗೆ ಮೀಸಲಾಗುವುದುಂಟು. ಸೌಲಭ್ಯದ ಗುಣಮಟ್ಟ ಈ ಪಟ್ಟಿಯಲ್ಲೇ ಮೇಲು: ದೊಡ್ಡ ಬಿಸಿನೀರಿನ ಕೊಳ, ಮಕ್ಕಳಿಗೆ ಪ್ರತ್ಯೇಕ ಕೊಳ. ಆಸ್ಪೆಂಡೊಸ್‌ನ ರೋಮನ್ ರಂಗಮಂದಿರ ಹತ್ತಿರವೇ ಇದೆ. ಆದರೆ ಗೇಟು ದಾಟಿದರೆ ನಡೆದು ಹೋಗುವಂಥ ಊರು ಅನ್ನುವುದು ಇಲ್ಲ.

ಸೀದೆ, ನಿಲ್ದಾಣದಿಂದ ಸುಮಾರು 65 ಕಿ.ಮೀ. ನಡೆಯುವವರ ಊರು. ಕುಮ್‌ಕೊಯ್ ಕಡೆಯ ಹೋಟೆಲಿನಲ್ಲಿ ಇಳಿದುಕೊಂಡರೆ ಕಡಲದಂಡೆಯ ಕಾಲುದಾರಿಯಲ್ಲೇ ಪ್ರಾಚೀನ ಸೀದೆಗೆ ಹೋಗಿ, ಅಪೊಲೊ ದೇಗುಲದ ಕಂಬಗಳ ಬಳಿ ಸೂರ್ಯಾಸ್ತ ನೋಡಿ ವಾಪಸ್ ಬರಬಹುದು. ಬೇಸಿಗೆಯಲ್ಲಿ ಜನರ ತಲೆ ಬಿಟ್ಟು ಬೇರೇನೂ ಕಾಣದ ಜಾಗ ಇದು. ಆದರೆ ಅಂಗಡಿ, ಕೆಫೆಗಳಲ್ಲಿ ಹೆಚ್ಚಿನವು ಮುಚ್ಚಿರುತ್ತವೆ. ಹೋಟೆಲುಗಳೂ ಎಲ್ಲವೂ ವರ್ಷವಿಡೀ ತೆರೆದಿರುವುದಿಲ್ಲ. ಇಲ್ಲಿ ಊರನ್ನಲ್ಲ, ನಿರ್ದಿಷ್ಟ ಹೋಟೆಲನ್ನು ಆರಿಸಬೇಕು. ಚಳಿಗಾಲದಲ್ಲೂ ಜೀವಂತವಾಗಿರುವ ಮಾನವ್‌ಗಾತ್ ಪೇಟೆಗೆ ದೋಲ್ಮುಷ್ ಎಂಬ ಮಿನಿಬಸ್ ಓಡಾಡುತ್ತದೆ.

ಅಲಾನ್ಯ ನಿಲ್ದಾಣದಿಂದ ಸುಮಾರು 125 ಕಿ.ಮೀ. ದೂರ. ಟೂರ್ ಕಂಪನಿಯ ಬಸ್ಸು ದಾರಿಯುದ್ದಕ್ಕೂ ಹೋಟೆಲ್ ಹೋಟೆಲಿಗೆ ನಿಂತು ಹೋಗುವುದರಿಂದ ಮೂರು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಊರಿಗೆ ಹತ್ತಿರದ ಗಾಜಿಪಾಶಾ ನಿಲ್ದಾಣಕ್ಕೆ ಚಳಿಗಾಲದಲ್ಲಿ ವಿದೇಶಿ ವಿಮಾನ ಕಡಿಮೆ. ಇಷ್ಟು ದೂರಕ್ಕೆ ಸಿಗುವ ಪ್ರತಿಫಲ: ಬೆನ್ನಿಗೆ ತಾರಸ್ ಬೆಟ್ಟ ಇರುವುದರಿಂದ ರಾತ್ರಿಗಳು ಎರಡು ಮೂರು ಡಿಗ್ರಿ ಬೆಚ್ಚಗೆ, ಮತ್ತು ಇದು ನಿಜವಾದ ಊರು. ವರ್ಷವಿಡೀ ನೆಲೆಸಿರುವ ವಿದೇಶೀಯರು ಬಹಳ. ಆದ್ದರಿಂದ ಜನವರಿಯಲ್ಲೂ ವಾರದ ಸಂತೆ, ಹೋಟೆಲು, ಬೇಕರಿ ಎಲ್ಲ ನಡೆಯುತ್ತವೆ. ಕೋಟೆ, 1226ರ ಕೆಂಪು ಗೋಪುರ ನೋಡಲು ತಂಪುಹವೆಯೇ ಸರಿ. ತೊಂದರೆ ಇರುವುದು ಹೋಟೆಲಿನಲ್ಲಿ. ಸಾಲುಸಾಲು ಮಧ್ಯಮ ದರ್ಜೆಯವು, ನೆಲಮಾಳಿಗೆಯಲ್ಲಿ ಚಿಕ್ಕದೊಂದು ಕೊಳ, ಎಷ್ಟೋ ಕಡೆ ಹೋಟೆಲಿಗೂ ಕಡಲಿಗೂ ನಡುವೆ ಡಿ-400 ಹೆದ್ದಾರಿ. ಊರು ಸುತ್ತುವ ಗಟ್ಟಿಮುಟ್ಟು ಅಪ್ಪ ಅಮ್ಮನನ್ನು ಕರೆದುಕೊಂಡು ಎರಡು ಮೂರು ವಾರ ಇರುವವರಿಗೆ ಅಲಾನ್ಯ ಒಳ್ಳೆಯದು, ಒಂದು ವಾರದವರಿಗೆ ಪ್ರಯಾಣವೇ ದಂಡ.

ಕೆಮೆರ್ ಬೇಸಿಗೆಯಲ್ಲಿ ಈ ಕರಾವಳಿಯ ಅತಿ ಚೆಲುವಿನ ಜಾಗ. ಚಳಿಗಾಲಕ್ಕೆ ಮಾತ್ರ ನಮ್ಮ ಪಟ್ಟಿಯಲ್ಲಿ ಕೊನೆಯದು. ಪೂರ್ವಕ್ಕೆ ಸಮುದ್ರ, ಪಶ್ಚಿಮಕ್ಕೆ ಗೋಡೆಯಂತೆ ಬೆಟ್ಟ. ಮಧ್ಯಾಹ್ನ ಕಳೆಯುತ್ತಿದ್ದಂತೆ ಸೂರ್ಯ ಬೆಟ್ಟದ ಹಿಂದೆ ಸರಿದು, ಲಾರಾದಲ್ಲಿ ಇನ್ನೂ ಬಿಸಿಲು ಕಾಯುತ್ತಿರುವಾಗಲೇ ಇಲ್ಲಿ ನೆರಳು ಬಿದ್ದು ಚಳಿ ಹತ್ತುತ್ತದೆ. ದಂಡೆಯಲ್ಲಿ ಉರುಟುಕಲ್ಲು. ಒಂದೇ ಆಕರ್ಷಣೆ, 2365 ಮೀಟರ್ ಎತ್ತರದ ತಹ್ತಾಲಿ ಬೆಟ್ಟಕ್ಕೆ ಕೇಬಲ್ ಕಾರ್‌ನಲ್ಲಿ ಏರಿ ಹಿಮದ ಮೇಲೆ ನಿಂತು ಕಡಲು ನೋಡುವುದು. ಅದನ್ನು ಲಾರಾದಿಂದ ಒಂದು ದಿನದ ಪ್ರವಾಸವಾಗಿಯೂ ಮಾಡಬಹುದು. ಗಾಳಿ ಹೆಚ್ಚಿದ್ದರೆ ಕೇಬಲ್ ಕಾರ್ ನಿಲ್ಲಿಸುತ್ತಾರೆ, ಹೊರಡುವ ಬೆಳಗ್ಗೆಯೇ ವಿಚಾರಿಸಿ.

"ಚಳಿಗಾಲದ ಕಾನ್ಸೆಪ್ಟ್" ಎಂಬ ಪಟ್ಟಿ ಓದುವುದು ಹೇಗೆ

ಪ್ರತಿ ದೊಡ್ಡ ಹೋಟೆಲೂ ತನ್ನ ವೆಬ್‌ಸೈಟಿನಲ್ಲಿ ಫ್ಯಾಕ್ಟ್‌ಶೀಟ್ ಅಥವಾ ಕಾನ್ಸೆಪ್ಟ್ ಎಂಬ ಸೌಲಭ್ಯಪಟ್ಟಿಯ ಪಿಡಿಎಫ್ ಇಟ್ಟಿರುತ್ತದೆ. ಬೇಸಿಗೆಗೊಂದು, ಚಳಿಗಾಲಕ್ಕೊಂದು. ಬುಕಿಂಗ್ ಸೈಟಿನಲ್ಲಿರುವ ಪಟ್ಟಿ ಸಾಮಾನ್ಯವಾಗಿ ಬೇಸಿಗೆಯದು, ಅದನ್ನು ನಂಬಬೇಡಿ. ಚಳಿಗಾಲದ ಶೀಟಿನಲ್ಲಿ ಎರಡು ಮಾತುಗಳನ್ನು ಹುಡುಕಿ. "ಹವಾಮಾನಕ್ಕೆ ಅನುಗುಣವಾಗಿ" ಎಂದಿದ್ದರೆ ಆ ಸೌಲಭ್ಯ ಇಲ್ಲವೆಂದೇ ಲೆಕ್ಕ. "ಅತಿಥಿಗಳ ಸಂಖ್ಯೆಗೆ ಅನುಗುಣವಾಗಿ" ಎಂದಿದ್ದರೆ ಜನ ಕಡಿಮೆಯಾದಾಗ ಬಫೆ ತೆಗೆದು ತಟ್ಟೆಗೆ ಬಡಿಸುವ ನಿಗದಿತ ಊಟ ಕೊಡಬಹುದು, ಬಾರ್ ಒಂದಕ್ಕೆ ಇಳಿಯಬಹುದು, ಮೆನು ನೋಡಿ ತರಿಸಿಕೊಳ್ಳುವ ಆ ಲಾ ಕಾರ್ಟ್ ರೆಸ್ಟೊರೆಂಟ್ ವಾರಕ್ಕೆ ಎರಡೇ ದಿನ ತೆರೆಯಬಹುದು.

"ಅಲ್ಟ್ರಾ ಆಲ್ ಇನ್‌ಕ್ಲೂಸಿವ್"ಗೆ ಹೆಚ್ಚು ಹಣ ಕೊಡುವ ಮೊದಲು ಇದನ್ನೇ ನೋಡಿ. ಬೇಸಿಗೆಯಲ್ಲಿ ಅಲ್ಟ್ರಾ ಎಂದರೆ ರಾತ್ರಿಯಿಡೀ ಊಟ, ಆಮದು ಮದ್ಯ, ಐಸ್‌ಕ್ರೀಮ್, ಬೀಚ್ ಬಾರ್. ಚಳಿಗಾಲದಲ್ಲಿ ಬೀಚ್ ಬಾರ್ ಹೇಗೂ ಮುಚ್ಚಿರುತ್ತದೆ. ಉಳಿಯುವ ವ್ಯತ್ಯಾಸ ಆಮದು ಮದ್ಯ ಮತ್ತು ಮಧ್ಯರಾತ್ರಿಯ ಸೂಪು. ಮದ್ಯ ಮುಟ್ಟದ ಕುಟುಂಬಕ್ಕೆ ಅಲ್ಟ್ರಾ ಕೊಳ್ಳುವುದು ಹಣ ಹೊಳೆಗೆ ಸುರಿದ ಹಾಗೆ. ಆ ಹಣಕ್ಕೆ ಒಳ್ಳೆಯ ಕೊಳವಿರುವ ಸಾದಾ ಆಲ್ ಇನ್‌ಕ್ಲೂಸಿವ್ ಸಿಗುತ್ತದೆ.

ಕೊಳದ ವಿಷಯದಲ್ಲಿ "ಹೀಟೆಡ್" ಎಂಬ ಪದವೊಂದೇ ಸಾಲದು. ಒಳಾಂಗಣ ಕೊಳ 26–28 ಡಿಗ್ರಿ ಇರಬೇಕು. ಸಣ್ಣ ಮಕ್ಕಳಿಗೆ ಅದಕ್ಕಿಂತ ಬೆಚ್ಚಗಿದ್ದರೆ ಒಳ್ಳೆಯದು. ಹೊರಾಂಗಣದ ಬಿಸಿ ಕೊಳ ಇದ್ದರೆ ಎಷ್ಟು ಡಿಗ್ರಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂದು ಬರೆದು ಕೇಳಿ. ವಾರ್ಷಿಕ ದುರಸ್ತಿಗೆ ಕೊಳ ಬರಿದು ಮಾಡುವುದೂ ಇದೇ ತಿಂಗಳುಗಳಲ್ಲಿ. ಹಮಾಮ್ ಎಂಬ ಟರ್ಕಿಯ ಬಿಸಿ ಸ್ನಾನಗೃಹ, ಸೌನಾ, ಆವಿ ಕೋಣೆಗೆ ಪ್ರವೇಶ ಬಹುತೇಕ ಕಡೆ ಉಚಿತ. ಒರಟು ಕೈಚೀಲದಿಂದ ಮೈ ಉಜ್ಜಿ ನೊರೆ ಹಾಕುವ ಕೆಸೆ-ಕೊಪುಕ್‌ಗೆ ದುಡ್ಡು. ಮೊದಲ ದಿನವೇ ಸ್ಪಾ ಮಾರಾಟಗಾರರು ಲಾಬಿಯಲ್ಲಿ ಹಿಡಿದುಕೊಳ್ಳುತ್ತಾರೆ. ಮೊದಲು ಹೇಳಿದ ಬೆಲೆಗೆ ಒಪ್ಪಿಕೊಳ್ಳುವವರು ಕಡಿಮೆ. ಎರಡನೆಯ ದಿನ ಚೌಕಾಸಿ ಮಾಡಿ.

ಎಲ್ಲಕ್ಕಿಂತ ಹೆಚ್ಚು ದೂರು ಬರುವುದು ರೂಮಿನ ಚಳಿಯ ಬಗ್ಗೆ. ಕಾರಣ ಸರಳ. ಅನೇಕ ಹಳೆಯ ಹೋಟೆಲುಗಳಲ್ಲಿ ಏಸಿಗೆ ಇಡೀ ಕಟ್ಟಡಕ್ಕೆ ಒಂದೇ ಪೈಪುಜಾಲ; ಅದರಲ್ಲಿ ಒಂದು ಕಾಲಕ್ಕೆ ತಣ್ಣೀರು ಹರಿಯುತ್ತದೆ, ಇಲ್ಲವೇ ಬಿಸಿನೀರು. ಯಾವುದನ್ನು ಹರಿಸಬೇಕೆಂದು ತೀರ್ಮಾನಿಸುವುದು ಹೋಟೆಲಿನ ಎಂಜಿನಿಯರ್. ನವೆಂಬರ್‌ನಲ್ಲಿ ಬಿಸಿಗೆ ಇನ್ನೂ ಬದಲಾಯಿಸಿರದಿದ್ದರೆ ರಿಮೋಟ್‌ನಲ್ಲಿ 28 ಒತ್ತಿದರೂ ತಣ್ಣನೆಯ ಗಾಳಿಯೇ. ಕೆಲವು ಕಡೆ ಬಿಸಿ ಬೆಳಗ್ಗೆ, ಸಂಜೆ ಕೆಲವು ತಾಸು ಮಾತ್ರ. ರೂಮಿಗೊಂದು ಪ್ರತ್ಯೇಕ ಯಂತ್ರವಿದ್ದರೆ ಈ ತಾಪತ್ರಯವಿಲ್ಲ. ನೆಲಕ್ಕೆ ಟೈಲ್ಸ್ ಇರುತ್ತದೆ, ಉಣ್ಣೆಯ ಸಾಕ್ಸ್ ಮತ್ತು ಮನೆಯೊಳಗಿನ ಚಪ್ಪಲಿ ಒಯ್ಯಿರಿ. ದಕ್ಷಿಣ ಅಥವಾ ಪಶ್ಚಿಮಕ್ಕೆ ಮುಖ ಮಾಡಿದ, ಎರಡನೆಯ ಮಹಡಿಗಿಂತ ಮೇಲಿನ ರೂಮು ಕೇಳಿ. ನೆಲಮಹಡಿಯ ತೋಟದ ಕಡೆಯವು ತೇವ ಹಿಡಿದು ಮುಗ್ಗಲು ವಾಸನೆ ಬರುತ್ತವೆ.

ಬುಕ್ ಮಾಡುವ ಮುಂಚೆ ಹೋಟೆಲಿಗೆ ಒಂದು ಇಮೇಲ್ ಹಾಕಿ, ನಿಮ್ಮ ತಾರೀಖು ನಮೂದಿಸಿ ಇಷ್ಟು ಕೇಳಿ: ರೂಮಿನ ಬಿಸಿ ದಿನದ 24 ಗಂಟೆಯೂ ಇದೆಯೇ? ಒಳಾಂಗಣ ಕೊಳ ಆ ದಿನಗಳಲ್ಲಿ ತೆರೆದಿರುತ್ತದೆಯೇ, ಎಷ್ಟು ಡಿಗ್ರಿ? ಯಾವ ಬ್ಲಾಕಿನಲ್ಲಿ ರೂಮು ಕೊಡುತ್ತೀರಿ, ಅಲ್ಲಿಂದ ಊಟದ ಹಾಲಿಗೆ ಮಳೆಯಲ್ಲಿ ನೆನೆಯದೆ ಹೋಗಬಹುದೇ? ಹೋಟೆಲಿನಲ್ಲೋ ಪಕ್ಕದಲ್ಲೋ ಕಟ್ಟಡ ಕೆಲಸ ನಡೆಯುತ್ತಿದೆಯೇ? ಕೊನೆಯದನ್ನು ಮರೆಯಬೇಡಿ. ಈ ಕರಾವಳಿಯ ಪ್ರವಾಸಿ ಊರುಗಳಲ್ಲಿ ಬೇಸಿಗೆ ಸೀಸನ್ನಿನಲ್ಲಿ ಕಟ್ಟಡ ಕೆಲಸಕ್ಕೆ ನಿರ್ಬಂಧ ಹೇರುತ್ತಾರೆ, ಹಾಗಾಗಿ ಒಡೆಯುವುದು ಕೊರೆಯುವುದೆಲ್ಲ ಚಳಿಗಾಲಕ್ಕೆ ಬಂದು ಬೀಳುತ್ತದೆ. ಉತ್ತರ ಬಂದ ಇಮೇಲನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ರಿಸೆಪ್ಷನ್‌ನಲ್ಲಿ ರೂಮು ಬದಲಿಸಿಕೊಡಿ ಎನ್ನಲು ಅದೇ ಆಧಾರ. ರಿವ್ಯೂ ಓದುವಾಗಲೂ ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನವನ್ನು ಮಾತ್ರ ಓದಿ. ಆಗಸ್ಟ್‌ನ ಹೊಗಳಿಕೆಯಿಂದ ನಿಮಗೆ ಉಪಯೋಗವಿಲ್ಲ.

ಕಡಲಿನ ಬಗ್ಗೆ ಒಂದು ಎಚ್ಚರಿಕೆ. ಚಳಿಗಾಲದಲ್ಲಿ ಜೀವರಕ್ಷಕರಿರುವುದಿಲ್ಲ. ನೈರುತ್ಯದಿಂದ ಬೀಸುವ ಲೋದೋಸ್ ಗಾಳಿಗೆ ಅಲೆ ಎದ್ದರೆ ಮರಳಿನ ದಂಡೆಯಲ್ಲೂ ಸೆಳವು ಜೋರು. 2019ರ ಜನವರಿಯಲ್ಲಿ ಸುಂಟರಗಾಳಿಯೊಂದು ಅಂಟಾಲ್ಯ ವಿಮಾನ ನಿಲ್ದಾಣಕ್ಕೇ ನುಗ್ಗಿ ಬಸ್ಸು ಉರುಳಿಸಿತ್ತು. ಬಿರುಗಾಳಿಯ ಮುನ್ಸೂಚನೆ ಇದ್ದರೆ ಬಾಲ್ಕನಿಯ ಬಟ್ಟೆಬರೆ ಒಳಗೆ ತಂದಿಡಿ, ಆ ದಿನ ದಂಡೆಯ ವಾಕಿಂಗ್ ಬಿಡಿ.

ಸಸ್ಯಾಹಾರಿಗಳಿಗೆ

ಹೆದರಬೇಕಿಲ್ಲ, ಕೇಳಿ ತಿನ್ನಬೇಕು ಅಷ್ಟೇ. ಬಫೆಯಲ್ಲಿ "ಜೆಯ್ತಿನ್‌ಯಾಲಿ" ಎಂಬ ಗುಂಪು ನಿಮ್ಮದು. ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಬಡಿಸುವ ಹುರುಳಿಕಾಯಿ, ಬದನೆ, ದ್ರಾಕ್ಷಿಎಲೆಯ ಸುರುಳಿ ಎಲ್ಲ ಮಾಂಸವಿಲ್ಲದವು. ಅದೇ ಎಲೆಸುರುಳಿ ಬಿಸಿಯಾಗಿ ಮೊಸರಿನ ಜೊತೆ ಬಂದರೆ ಒಳಗೆ ಖೀಮಾ ಇರುವ ಸಾಧ್ಯತೆ ಹೆಚ್ಚು. ಕೈ ಕೊಡುವುದು ಮೂರು ಕಡೆ: ಮೆರ್ಜಿಮೆಕ್ ಎಂಬ ಮಸೂರ ಬೇಳೆಯ ಸೂಪು, ಅನ್ನದ ಪಿಲಾವ್, ಬಿಳಿ ಬೀನ್ಸ್ ಬೀಜದ ಪಲ್ಯ. ಮೂರೂ ನೋಡಲು ಶುದ್ಧ ಸಸ್ಯಾಹಾರ, ಬೇಯಿಸಿದ್ದು ಕೋಳಿ ಅಥವಾ ಮಾಂಸದ ರಸದಲ್ಲಿ ಇರಬಹುದು. ಬಡಿಸುವವರನ್ನಲ್ಲ, ಬಿಳಿ ಟೋಪಿಯ ಅಡುಗೆಯವರನ್ನೇ "ಎತ್ ಸುಯು ವಾರ್ ಮಿ?" ಎಂದು ಕೇಳಿ; ಮಾಂಸದ ರಸ ಇದೆಯೇ ಎಂದರ್ಥ. "ಎತ್" ಅಂದರೆ ಅಲ್ಲಿನವರಿಗೆ ಕುರಿ, ದನದ ಮಾಂಸ ಮಾತ್ರ. ಕೋಳಿಗೆ "ತಾವುಕ್" ಎಂದು ಬೇರೆಯಾಗಿ ಕೇಳಬೇಕು. ಜೆಲ್ಲಿ, ಮೂಸ್ ಮುಂತಾದ ಸಿಹಿಗಳಲ್ಲಿ ದನದ ಜೆಲಟಿನ್ ಇರಬಹುದು.

ಬೆಳಗಿನ ತಿಂಡಿಯೇ ದಿನದ ಒಳ್ಳೆಯ ಊಟ. ಕಾವಲಿಯ ಮೇಲೆ ಎದುರಿಗೇ ಬೇಯಿಸಿಕೊಡುವ ಗೊಜ್ಲೆಮೆ ಎಂಬ ತೆಳು ರೊಟ್ಟಿಯಲ್ಲಿ ಪಾಲಕ್, ಚೀಸ್ ಅಥವಾ ಆಲೂ ಕೇಳಿ. ಗಟ್ಟಿ ಮೊಸರು ಬೇಕಾದಷ್ಟು. ಜೊತೆಗೊಂದು ಡಬ್ಬಿ ಚಟ್ನಿಪುಡಿ ಇದ್ದರೆ ನಾಲ್ಕನೆಯ ದಿನಕ್ಕೆ ಬೇಕಾಗುತ್ತದೆ. ಹಣ್ಣಿನಲ್ಲಿ ಚಳಿಗಾಲವೇ ಮೇಲು: ಫಿನಿಕೆಯ ಕಿತ್ತಳೆ, ದಾಳಿಂಬೆ, ಅಲಾನ್ಯದ ಪುಟ್ಟ ಬಾಳೆ. ಬಾರಿನಲ್ಲಿ ಯಂತ್ರದ ಜ್ಯೂಸ್ ಬಿಟ್ಟು ಸಲೆಪ್ ಎಂಬ ಬಿಸಿ ಹಾಲಿನ ಪಾನೀಯ ಸಿಗುತ್ತದೆಯೇ ನೋಡಿ.

ಆಲ್ ಇನ್‌ಕ್ಲೂಸಿವ್ ಬೇಕೇ ಬೇಕೇ?

ಬೇಸಿಗೆಯಲ್ಲಿ ಈ ಪ್ರಶ್ನೆಗೆ ಬೆಲೆಯೇ ಉತ್ತರ. ಚಳಿಗಾಲದಲ್ಲಿ ಸ್ವಭಾವ ನೋಡಿ. ದಿನವೂ ಹೊರಗೆ ಹೋಗಿ ಪ್ರಾಚೀನ ನಗರ ಪೆರ್ಗೆ, ಆಸ್ಪೆಂಡೊಸ್, ಹಳೆಯ ಊರು ನೋಡುವವರು ಮಧ್ಯಾಹ್ನದ ಊಟ ಹೇಗೂ ಹೊರಗೇ ಮಾಡುತ್ತೀರಿ. ನಿಮಗೆ ಕಾಲೆಯಿಚಿ ಅಥವಾ ಅಂಟಾಲ್ಯ ನಗರದ ಕೊನ್ಯಾಲ್ತಿ ಬಡಾವಣೆಯಲ್ಲಿ ತಿಂಡಿ ಮಾತ್ರ ಸೇರಿದ ಸಿಟಿ ಹೋಟೆಲ್ ಸಾಕು, ವಿಮಾನ ನಿಲ್ದಾಣದಿಂದಲೇ ಟ್ರಾಮ್ ಸಿಗುತ್ತದೆ. ಮಕ್ಕಳಿದ್ದರೆ ಈ ಲೆಕ್ಕ ಉಲ್ಟಾ: ಮಳೆ ಹಿಡಿದ ದಿನ ನಗರದ ಹೋಟೆಲ್ ರೂಮಿನಲ್ಲಿ ಇಬ್ಬರು ಮಕ್ಕಳನ್ನು ಕೂಡಿಹಾಕಿದವರಿಗೆ ಬಿಸಿ ಕೊಳದ ಬೆಲೆ ಗೊತ್ತಾಗುತ್ತದೆ. ಬೆಂಗಳೂರಿನಿಂದ ಇದಕ್ಕೋಸ್ಕರವೇ ಹೊರಡುವುದು ಮಾತ್ರ ಲೆಕ್ಕಕ್ಕೆ ಹತ್ತುವುದಿಲ್ಲ. ಜನವರಿಯಲ್ಲಿ ಗೋಕರ್ಣದ ಕಡಲೇ ಬೆಚ್ಚಗಿರುತ್ತದೆ. ಇಸ್ತಾಂಬುಲ್, ಕಪ್ಪಡೋಕಿಯ ನೋಡಲು ಹೋದವರು ಕೊನೆಗೆ ಮೂರು ರಾತ್ರಿ ಸುಧಾರಿಸಿಕೊಳ್ಳಲು ಲಾರಾ ಸೇರಿಸಿಕೊಂಡರೆ ಸರಿ. ಇಸ್ತಾಂಬುಲ್‌ನಿಂದ ವಿಮಾನದಲ್ಲಿ ಒಂದೂಕಾಲು ಗಂಟೆ.

ವೀಸಾ, ಬುಕಿಂಗ್

ಭಾರತದ ಪಾಸ್‌ಪೋರ್ಟ್‌ಗೆ ಟರ್ಕಿ ವೀಸಾ ಬೇಕು. ಚಾಲ್ತಿಯಲ್ಲಿರುವ ಷೆಂಗೆನ್, ಅಮೆರಿಕ, ಬ್ರಿಟನ್ ಅಥವಾ ಐರ್ಲೆಂಡ್ ವೀಸಾ ಇಲ್ಲವೇ ನಿವಾಸ ಪರವಾನಗಿ ಇದ್ದವರಿಗೆ ಸರ್ಕಾರಿ ಜಾಲತಾಣದಲ್ಲಿ ಒಂದು ಪ್ರವೇಶದ, 30 ದಿನಗಳ ಇ-ವೀಸಾ ಸಿಗುತ್ತದೆ. ಉಳಿದವರು ವೀಸಾ ಕೇಂದ್ರದ ಮೂಲಕ ಅರ್ಜಿ ಹಾಕಬೇಕು. ಆಧಾರವಾಗಿ ತೋರಿಸುವ ದಾಖಲೆ ಟರ್ಕಿಗೆ ಇಳಿಯುವ ದಿನ ಚಾಲ್ತಿಯಲ್ಲಿರಬೇಕು. ಅದು ಕಾರ್ಡ್ ರೂಪದಲ್ಲಿಲ್ಲದೆ ಬರೀ ಡಿಜಿಟಲ್ ಆಗಿದ್ದರೆ, ಬ್ರಿಟನ್‌ನಲ್ಲಿರುವವರು ಮುಖ್ಯವಾಗಿ ಗಮನಿಸಿ, ಹಣ ಕಟ್ಟುವ ಮೊದಲೇ ಟರ್ಕಿ ಕಾನ್ಸುಲೇಟ್‌ಗೂ ವಿಮಾನ ಸಂಸ್ಥೆಗೂ ಬರೆದು ಖಚಿತಪಡಿಸಿಕೊಳ್ಳಿ.

ಚಳಿಗಾಲದಲ್ಲಿ ಜನ ಸಾಲದೆ ಹೋಟೆಲ್ ಮುಚ್ಚಿ, ಅದೇ ಮಾಲೀಕರ ಇನ್ನೊಂದಕ್ಕೆ ಕಳಿಸುವುದು ಅಪರೂಪವಲ್ಲ. ವಿಮಾನ, ಹೋಟೆಲ್ ಬಿಡಿಬಿಡಿಯಾಗಿ ಕೊಂಡವರಿಗೆ ಆಗ ಜಗಳವಾಡುವುದೇ ದಾರಿ. ಯುರೋಪಿಯನ್ ಒಕ್ಕೂಟದಲ್ಲಿ ಪ್ಯಾಕೇಜ್ ಆಗಿ ಕೊಂಡಿದ್ದರೆ 2015ರ ಪ್ಯಾಕೇಜ್ ಪ್ರವಾಸ ನಿರ್ದೇಶನದ ಪ್ರಕಾರ, ಬ್ರಿಟನ್‌ನಲ್ಲಿ 2018ರ ನಿಯಮಗಳ ಪ್ರಕಾರ, ಹೊರಡುವ ಮುನ್ನ ಮುಖ್ಯ ಬದಲಾವಣೆಯಾದರೆ ಶುಲ್ಕವಿಲ್ಲದೆ ರದ್ದು ಮಾಡುವ ಹಕ್ಕಿದೆ. ಹತ್ತಿಪ್ಪತ್ತು ಯೂರೋ ಹೆಚ್ಚಾದರೂ ಚಳಿಗಾಲಕ್ಕೆ ಪ್ಯಾಕೇಜೇ ವಾಸಿ ಎನ್ನುವುದು ಇದಕ್ಕೆ.

ವಾಪಸಿನ ವಿಮಾನದ ಹೊತ್ತನ್ನೂ ನೋಡಿ. ಚೆಕ್‌ಔಟ್ ಮಧ್ಯಾಹ್ನ 12ಕ್ಕೆ, ಆಗಲೇ ಊಟ, ಪಾನೀಯಕ್ಕೆ ಗುರುತಾಗಿ ಕಟ್ಟಿದ ಕೈಪಟ್ಟಿ ಕತ್ತರಿಸುತ್ತಾರೆ. ವಿಮಾನ ರಾತ್ರಿ 11ಕ್ಕಿದ್ದರೆ ಅಷ್ಟು ಹೊತ್ತು ಒಂದು ಕಪ್ ಚಹಾಕ್ಕೂ ದುಡ್ಡು. ರೂಮುಗಳು ಖಾಲಿ ಇರುವ ಕಾಲವಾದ್ದರಿಂದ ಹಿಂದಿನ ಸಂಜೆಯೇ ರಿಸೆಪ್ಷನ್‌ನಲ್ಲಿ ಕೇಳಿದರೆ ಲೇಟ್ ಚೆಕ್‌ಔಟ್ ಕಡಿಮೆಗೆ, ಕೆಲವೊಮ್ಮೆ ಪುಕ್ಕಟೆಯಾಗಿಯೂ ಸಿಗುತ್ತದೆ. ಟಿಪ್ಸ್‌ಗೆ ಐದು ಯೂರೋ ನೋಟು ಇಟ್ಟುಕೊಳ್ಳಿ. ಯೂರೋ ನಾಣ್ಯವನ್ನು ಅಲ್ಲಿ ಬ್ಯಾಂಕೂ ಬದಲಿಸಿಕೊಡುವುದಿಲ್ಲ, ರೂಮು ಗುಡಿಸಿದವರ ಡಬ್ಬಿಯಲ್ಲಿ ಅದು ಸುಮ್ಮನೆ ಕೂರುತ್ತದೆ.